ಖಾಲಿಯಾಗಿ ಬರುತ್ತಿದ್ದ ಡಬ್ಬಿ

ಅಕ್ಕಾ,

ನಿನ್ನ ಮಗಳು ಸುಮಾ ಈಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದಾಳೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಕೇಳಿಸಿಕೊಳ್ಳುತ್ತೀಯೇನೋ. ಒಂಬತ್ತು ವರ್ಷದಿಂದ ನಿನಗೆ ಹೇಳದೆ ಇಟ್ಟುಕೊಂಡದ್ದು ಒಂದಿದೆ.

ಬೆಳಿಗ್ಗೆ ನೀನು ಅಡುಗೆಮನೆಯಲ್ಲಿ ಕೂತು ಚಿತ್ರಾನ್ನದ ಸಾಸಿವೆ ಕಾಳನ್ನು ಒಂದೊಂದಾಗಿ ಆರಿಸುತ್ತಿದ್ದದ್ದು ನೆನಪಿದೆಯಾ? ಎರಡನೇ ಕ್ಲಾಸಿನ ಹುಡುಗಿಗೆ ಕರಿಬೇವು ಆಗದು, ಈರುಳ್ಳಿ ಆಗದು, ರೊಟ್ಟಿಯ ಅಂಚು ಗರಿಯಾದರೂ ಆಗದು. ಅಷ್ಟೆಲ್ಲ ಮಾಡಿ ಕಟ್ಟಿದ ಡಬ್ಬಿ ಸಂಜೆ ಹಾಗೇ ವಾಪಸು. ನಾನು ಹೊಳೆನರಸೀಪುರದಿಂದ ಬಂದಾಗಲೆಲ್ಲ ನಿನ್ನ ಗೋಳು ಅದೊಂದೇ. "ಇವ್ಳು ಹಿಂಗೇ ತಿನ್ನದೆ ಇದ್ರೆ ನಾನು ಸತ್ತೇ ಹೋಗ್ತೀನಿ ಕಣೇ" ಅನ್ನುತ್ತಿದ್ದೆ. ಅವಳೆದುರೇ. ನಾನು ನಗುತ್ತಿದ್ದೆ. ಯಾವ ತಾಯಿ ಅನ್ನುವುದಿಲ್ಲ ಹೇಳು?

ನೀನು ಬಟ್ಟೆ ಒಣಹಾಕುತ್ತಾ ಕುಸಿದುಬಿದ್ದೆಯಂತೆ. ನಾನು ಹಾಸನದ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ... ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು. ತಿಥಿ ಮುಗಿಸಿ ಎಲ್ಲರೂ ಹೊರಟರು. ನಾನು ಚನ್ನರಾಯಪಟ್ಟಣದ ನಿಮ್ಮ ಮನೆಯಲ್ಲೇ ಉಳಿದೆ. ಭಾವ ಕೆಲಸಕ್ಕೆ ಹೋದರೆ ಮಗುವಿಗೆ ಯಾರಿದ್ದರು?

ಮೊದಲ ವಾರ ನಾನು ಕಟ್ಟಿದ ಡಬ್ಬಿಯೂ ತುಂಬಿಯೇ ಬಂತು. ಒಂದು ಸಂಜೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದು ಅವಳ ಮುಂದೆ ಕುಕ್ಕಿ, "ನಿನ್ ಊಟದ ಚಿಂತೇಲೇ ನಿಮ್ಮಮ್ಮ ಹೋದ್ಲು ಕಣೇ" ಎಂದುಬಿಟ್ಟೆ. ಅವಳು ಅಳಲಿಲ್ಲ. ಹಳಸಿದ್ದ ಅನ್ನವನ್ನು ಒಂದಗುಳು ಬಿಡದೆ ತಿಂದಳು.

ಮಾರನೇ ದಿನದಿಂದ ಡಬ್ಬಿ ಖಾಲಿ. ನಾನು ಹಿಗ್ಗಿದೆ. ನೀನು ಕಟ್ಟಲು ಹೆದರುತ್ತಿದ್ದದ್ದನ್ನೆಲ್ಲ ಕಟ್ಟಿದೆ: ಬದನೆಕಾಯಿ, ಮೆಂತ್ಯದ ಸೊಪ್ಪು, ಹಾಗಲಕಾಯಿ. "ಅದೇನ್ ಮಾಯ ಮಾಡ್ದೆ ಕಣಮ್ಮಿ? ಹೆತ್ತೋಳ್ ಕೈಲಿ ಆಗ್ದಿದ್ದು ನಿನ್ ಕೈಲಾಯ್ತಲ್ಲ!" ಎಂದು ಪಕ್ಕದ ಮನೆಯ ರತ್ನಮ್ಮ ಹೊಗಳಿದಾಗ, ಸುಳ್ಳು ಯಾಕೆ ಹೇಳಲಿ, ನಿನ್ನನ್ನು ಗೆದ್ದಷ್ಟು ಖುಷಿಯಾಯಿತು.

ಆ ಮಳೆಗಾಲದಲ್ಲಿ ನಾನು ಜ್ವರ ಬಂದು ಹಾಸಿಗೆ ಹಿಡಿದೆ. ರತ್ನಮ್ಮನೇ ಅಡುಗೆ ಮಾಡಿ ಕಳಿಸುತ್ತಿದ್ದರು. ಮೂರನೇ ದಿನ, ಭಾನುವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ಓಕರಿಸುವ ಸದ್ದು. ಗೋಡೆ ಹಿಡಿದುಕೊಂಡು ಹೋದೆ. ಸುಮಾ ಹಾಗಲಕಾಯಿ ಪಲ್ಯದ ಪಾತ್ರೆ ಮುಂದಿಟ್ಟುಕೊಂಡು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಲಂಗದ ತುಂಬ ವಾಂತಿ. ನನ್ನನ್ನು ಕಂಡವಳೇ ಇನ್ನೊಂದು ತುತ್ತು ಎತ್ತಿಕೊಂಡಳು.

"ವಾಂತಿ ಆಗೋಯ್ತು ಚಿಕ್ಕಮ್ಮ. ಮತ್ತೆ ತಿಂತೀನಿ, ಎಲ್ಲಾ ತಿಂತೀನಿ. ನೀನು ಸಾಯ್ಬೇಡ."

ಅಕ್ಕಾ, ಅಷ್ಟು ತಿಂಗಳೂ ಆ ಮಗು ನನ್ನನ್ನು ಬದುಕಿಸುತ್ತಿತ್ತು.

ಜ್ವರ ಬಿಟ್ಟ ಮೇಲೆ ನಿನ್ನನ್ನು ನೋಡಿದ್ದ ಡಾಕ್ಟರ ಹತ್ತಿರವೇ ಅವಳನ್ನು ಕರೆದುಕೊಂಡು ಹೋದೆ. ನನ್ನ ಮಾತನ್ನು ಅವಳು ಇನ್ನು ಹೇಗೆ ನಂಬಿಯಾಳು? ಅವರು ಚೀಟಿಯ ಹಿಂದೆ ತಲೆಯ ಚಿತ್ರ ಬರೆದು ತೋರಿಸಿದರು.

"ನಾನು ತಿಂದಿದ್ರೂ ಹೋಗ್ತಿದ್ರಾ ಸಾ?"

"ತಿಂದಿದ್ರೂ ಹೋಗ್ತಿದ್ರು ಮಗು."

ವಾಪಸು ಬರುವಾಗ ಬಸ್ಸಿನಲ್ಲಿ, ನಾನು ಅವತ್ತು ಹೇಳಿದ್ದು ತಪ್ಪು ಎಂದೆ. ಅವಳು ಕಿಟಕಿಯಿಂದಾಚೆ ನೋಡುತ್ತಿದ್ದಳು.

ಇವತ್ತಿಗೂ ಬಡಿಸಿದ್ದನ್ನು ಅವಳು ಬೇಡ ಎನ್ನುವುದಿಲ್ಲ. ಏನು ಮಾಡಲಿ ಎಂದರೆ, "ಏನಾದ್ರೂ ಮಾಡು." ನೀನು ಬಿಟ್ಟುಹೋದ ಆ ಹಟಮಾರಿ ಹುಡುಗಿಯನ್ನು ನಾನು ಉಳಿಸಿಕೊಳ್ಳಲಿಲ್ಲ, ಅಕ್ಕಾ.

ಹೋದ ಭಾನುವಾರ ಹಾಸ್ಟೆಲಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ ಕೇಳಿದಳು: "ಚಿಕ್ಕಮ್ಮ, ಹೋಗೋವಾಗ ಅಮ್ಮಂಗೆ ನನ್ ಮೇಲೆ ಕೋಪ ಇತ್ತಾ?"

ನಾನು ಆಗ ನಿನ್ನ ಹತ್ತಿರ ಇರಲಿಲ್ಲ. ನನಗೇನು ಗೊತ್ತು? ಆದರೂ ನಿನ್ನ ಪರವಾಗಿ "ಇರ್ಲಿಲ್ಲ ಕಣೇ" ಎಂದೆ. ಅವಳು ಇನ್ನೆಷ್ಟು ಸಲ ಕೇಳಿದರೂ ಅದನ್ನೇ ಹೇಳುತ್ತೇನೆ.