ಫೋಟೊದಲ್ಲಿದ್ದ ಬೀಗದ ಕೈ

ಮಾರ್ಚ್ ೧೪, ಶುಕ್ರವಾರ

ಆ ಫೋಟೊ ಕಣ್ಣಿಂದ ಹೋಗುತ್ತಿಲ್ಲ.

ಇವತ್ತಿನ ವಿಚಾರ ಸಂಕಿರಣದಲ್ಲಿ ನನ್ನ ಸಂಶೋಧನೆಯ ಮೇಷ್ಟ್ರದೇ ಕೊನೆಯ ಭಾಷಣ. ಹಡಗು ಒಡೆದು ಎಣ್ಣೆ ಮೆತ್ತಿಕೊಂಡಿದ್ದ ನಮ್ಮ ಕಡಲ ದಂಡೆ ಚೇತರಿಸಿಕೊಂಡಿದೆ ಎಂದರು. ಪರದೆಯ ಮೇಲೆ ತೊಳೆದಿಟ್ಟಂತಹ ಮರಳು, ಅದರ ತುಂಬ ಏಡಿಯ ಬಿಲಗಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಲು ನಾನೂ ಕೈ ಎತ್ತಿದ್ದೆ, ಅಷ್ಟರಲ್ಲಿ ಅದು ಕಂಡಿತು.

ಒಂದು ಬಿಲದ ಪಕ್ಕ ನನ್ನ ಮನೆಯ ಬೀಗದ ಕೈ! ಅಳತೆ ಗೊತ್ತಾಗಲೆಂದು ನಾನೇ ಇಟ್ಟು ತೆಗೆದ ಫೋಟೊ. ಆದರೆ ಅದು ನಮ್ಮ ದಂಡೆಯದಲ್ಲ. ಹೋಲಿಸಿ ನೋಡಲು ಆರಿಸಿಕೊಂಡಿದ್ದ, ಎಣ್ಣೆಯ ಹನಿಯೂ ಮುಟ್ಟದ ದೂರದ ದಂಡೆಯದು. "ಎಲ್ಲಾ ಕಳಿಸಮ್ಮ, ಒಟ್ಟಿಗೆ ನೋಡೋಣ" ಅಂತ ಮೇಷ್ಟ್ರು ಅಂದಿದ್ದಕ್ಕೆ ಒಂದನ್ನೂ ಮುಚ್ಚಿಡದೆ ಕಳಿಸಿದ್ದೆ. ನಮ್ಮಲ್ಲಿ ಈಗಲೂ ಗೇಣು ಅಗೆದರೆ ಕರಿ ಜಿಡ್ಡು, ಸತ್ತ ಏಡಿಗಳ ಚಿಪ್ಪು.

ಕಾಫಿ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. "ಸರ್, ಅದು ಆ ಜಾಗ ಅಲ್ವಲ್ಲ?"

ಚಮಚ ತಿರುಗಿಸುತ್ತಲೇ ಇದ್ದರು. "ಗೊತ್ತಮ್ಮ. ಇವತ್ತಲ್ಲ ನಾಳೆ ನಮ್ಮದೂ ಹಾಗೇ ಆಗುತ್ತೆ. ಜನಕ್ಕೆ ಸ್ವಲ್ಪ ಧೈರ್ಯ ಬೇಡ್ವಾ?"

ಗೊತ್ತಂತೆ! ಕಣ್ತಪ್ಪಾಯಿತು ಅಂದಿದ್ದರೆ ನಂಬಿಬಿಡುತ್ತಿದ್ದೆ. ಕೆಸರಿನಲ್ಲಿ ಮಂಡಿಯೂರಿ ಬಿಲ ಎಣಿಸುವುದನ್ನು ನನಗೆ ಕಲಿಸಿದವರು. ಪಕ್ಕದಲ್ಲಿ ಬೀಗದ ಕೈ ಇಡು ಅಂತ ಹೇಳಿಕೊಟ್ಟವರೂ ಅವರೇ. ಫೋಟೊದಿಂದ ಅದನ್ನು ಅಳಿಸುವಷ್ಟೂ ನನ್ನ ಭಯ ಇರಲಿಲ್ಲವಲ್ಲ ಅವರಿಗೆ.

"ಮುಖ ಯಾಕೆ ಊದಿಸ್ಕೊಂಡಿದ್ದೀಯ? ವರದಿಯಲ್ಲಿ ಮೊದಲ ಹೆಸರು ನಿಂದೇ ಹಾಕಿದ್ದೀನಿ" ಅಂದರು.

ಆ ವರದಿ ನಂಬಿ ಸೋಮವಾರದಿಂದ ಮೀನುಗಾರರಿಗೆ ದಂಡೆ ಬಿಟ್ಟುಕೊಡುತ್ತಾರಂತೆ. ಅಲ್ಲಿಯ ಏಡಿ ಹಿಡಿದು ಮಕ್ಕಳಿಗೆ ಬಡಿಸುವ ತಾಯಂದಿರು ಮುಂದೊಂದು ದಿನ, ತಿನ್ನಬಹುದು ಅಂತ ಹೇಳಿದ್ದು ಯಾರು ಎಂದು ಕೇಳಿದರೆ, ಮೊದಲು ನನ್ನ ಹೆಸರೇ ಕಾಣುತ್ತದೆ.