ಅಮ್ಮನಿಗೂ ಇದೆ ಅಂತ ಹೇಳು

ಮಗಳೇ ಬಾಬಿನ್,

ಮೊದಲು ಅಮ್ಮನ ಆಶೀರ್ವಾದ ತಗೋ, ಉಳಿದದ್ದು ಆಮೇಲೆ.

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಅಂಗಡಿಯಲ್ಲಿ ಬಿದ್ದಿದ್ದ ಬಟ್ಟೆಚೂರು ಗುಡಿಸಿ, ನೀರು ತುಂಬಿಸಿ, ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕಿ ನಿಮ್ಮಪ್ಪನ ಮೇಜಿನ ಮೇಲಿಟ್ಟು, ಅವರ ಊಟಕ್ಕೆ ಮಾಡಿಟ್ಟು, ಸ್ನಾನ ಮುಗಿಸಿ ದೇವರಿಗೆ ದೀಪ ಹಚ್ಚಿದೆ. ಒಬ್ಬರಿಗೇ ಅಡುಗೆಯಾದ್ದರಿಂದ ಸ್ವಲ್ಪ ಬಿಡುವು ಸಿಕ್ಕಿದೆ. ಉಪವಾಸ ಅಂದ ಕೂಡಲೇ ನೀನು ಮುಖ ಸಿಂಡರಿಸುತ್ತೀಯ ಎಂದು ಗೊತ್ತು. "ನೀನು ಹಸ್ಕೊಂಡಿದ್ರೆ ನನ್ನ ಪೇಪರ್ ತಿದ್ದೋರಿಗೆ ಹೊಟ್ಟೆ ಚುರುಕ್ ಅನ್ನುತ್ತಾ?" ಎಂದು ಮೊದಲ ವರ್ಷವೇ ಕೇಳಿದವಳು ನೀನು. ಅನ್ನದಿರಬಹುದು. ಆದರೆ ನನಗೆ ಬರುವ ವಿದ್ಯೆ ಇದೊಂದೇ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ಮುಗಿಸಿದವಳಿಗೆ ನಿನ್ನ ಪುಸ್ತಕದ ಒಂದು ಸಾಲೂ ಹತ್ತುವುದಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡು ಕೈ ಮುಗಿಯುವುದು ಮಾತ್ರ ಗೊತ್ತು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ನಿಮ್ಮಪ್ಪನ ಮೊಣಕೈ ಪಕ್ಕ. ಮೊನ್ನೆ ನೀನು ಅಳುತ್ತಾ ಅಷ್ಟೆಲ್ಲ ಹೇಳಿದಾಗ ನಾನು "ಹೂಂ, ಹೂಂ, ಊಟ ಆಯ್ತಾ?" ಅಂದದ್ದು ಬಿಟ್ಟರೆ ಬೇರೇನೂ ಅನ್ನಲಿಲ್ಲ. ಎದುರಿಗೆ ಗಿರಾಕಿ ತೋಳು ಚಾಚಿ ನಿಂತಿದ್ದ, ಅಪ್ಪ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ನನ್ನ ಹೂಂಗುಟ್ಟುವಿಕೆಗೆ ನಿನಗೆ ಕೋಪ ಬಂದಿರಬೇಕು. ಆಮೇಲೆ ನಾನೇ ಮಾಡಿದರೂ ನೀನು ಎತ್ತಲಿಲ್ಲ.

ನೀನು ಕೇಳಿದ್ದು ಇಷ್ಟೇ. "ಮೂರು ವರ್ಷಕ್ಕೇ ಡಿಗ್ರಿ ತಗೊಂಡು ಬಂದುಬಿಡ್ಲಾ, ಇಲ್ಲ ಐದೂ ಮುಗಿಸ್ಲಾ? ತಿಂಗಳ ಕೊನೆಗೆ ಹೇಳ್ಬೇಕು. ನನ್ನ ತಲೆ ಓಡ್ತಿಲ್ಲಮ್ಮ. ನೀನು ಏನಂತೀಯೋ ಹಾಗೇ ಮಾಡ್ತೀನಿ."

ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಕೂಡ ನನ್ನನ್ನು ಕೇಳದ ಹುಡುಗಿ ನೀನು. ಈಗ ಇಷ್ಟು ದೊಡ್ಡದನ್ನು ತಂದು ನನ್ನ ಮಡಿಲಿಗೆ ಹಾಕಿದ್ದೀಯ. ಅವತ್ತಿನಿಂದ ಇದನ್ನು ಹೊತ್ತುಕೊಂಡೇ ಓಡಾಡುತ್ತಿದ್ದೇನೆ. ಎಲ್ಲಿ ಇಳಿಸಬೇಕೋ ತಿಳಿಯುತ್ತಿಲ್ಲ.

ನೀನು ಸೀಟು ಸಿಕ್ಕಿದಾಗ ಕುಣಿದದ್ದು ನೆನಪಾಗುತ್ತದೆ. ಇಂಟಿಗ್ರೇಟೆಡ್ ಎಂ.ಎಸ್ಸಿ. ಅಂತೆ, ಕೆಮಿಸ್ಟ್ರಿ ಅಂತೆ, ಡಿಗ್ರಿ ಮತ್ತು ಅದರ ಮೇಲಿನದು ಎರಡೂ ಸೇರಿ ಒಂದೇ ಓಟಕ್ಕೆ ಐದು ವರ್ಷ. ಬೇಕಾದರೆ ಮೂರಕ್ಕೆ ಇಳಿದುಕೊಳ್ಳಬಹುದು ಎಂದು ನೀನು ಹೇಳಿದಾಗ ನಿಮ್ಮಪ್ಪನಿಗೆ ಸಿಟ್ಟೇ ಬಂದಿತ್ತು. "ಐದು ಅಂದ್ರೆ ಐದು. ಪ್ಯಾಂಟು ಮಂಡಿವರೆಗೆ ಹೊಲಿದು ಕೊಟ್ರೆ ಯಾರು ಹಾಕ್ಕೋತಾರೆ?" ಅಂದರು. "ಚಡ್ಡಿ ಅಂತ ಹಾಕ್ಕೋತಾರೆ ಬಿಡಪ್ಪ" ಅಂದೆ ನೀನು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ಉದುರುವಷ್ಟು ನಕ್ಕರು ಅವರು. ಎದುರುಮನೆ ಅಜ್ಜಿಗೆ ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. "ನಿನ್ನ ಮಗಳು ಔಷಧಿ ಅಂಗಡಿ ಇಟ್ಮೇಲೆ ನನಗೊಂದು ಕೆಮ್ಮಿನ ಔಷಧಿ ಕಡಿಮೆಗೆ ಕೊಡ್ಸೆ ಮಾರಾಯ್ತಿ" ಎಂದು ಸಿಕ್ಕಾಗಲೆಲ್ಲ ಹೇಳುತ್ತಾಳೆ. ನಾನು ಆಯಿತು ಅನ್ನುತ್ತೇನೆ.

ಮೊದಲ ರಜೆಗೆ ಬಂದವಳು ಅಡುಗೆಮನೆಯ ನಡುವೆ ನಿಂತು, ಗಾಳಿಯಲ್ಲೇ ಗಾಜಿನ ಕೊಳವೆ ಇದೆಯೇನೋ ಅನ್ನುವ ಹಾಗೆ ಬೆರಳು ಹಿಡಿದು ತೋರಿಸಿದೆಯಲ್ಲ. "ಮೇಲಿಂದ ಹನಿಹನಿ ಬಿಡ್ತಾ ಹೋಗ್ಬೇಕು. ಏನೂ ಆಗಲ್ಲ, ಏನೂ ಆಗಲ್ಲ, ಆಮೇಲೆ ಒಂದೇ ಒಂದು ಹನಿ, ಇಡೀ ಸೀಸೆ ಗುಲಾಬಿ! ಇನ್ನೊಂದು ಜಾಸ್ತಿ ಬಿತ್ತೋ, ಕೆಟ್ಟೇ ಹೋಯ್ತು, ಮೊದಲಿಂದ ಶುರು." ಅಷ್ಟು ಹೊತ್ತು ಕಾಯಲು ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಕಾಯೋದೇ ಚೆಂದ ಕಣಮ್ಮ" ಅಂದೆ. ನಿನ್ನ ಕೈ ಆಗ ಎಷ್ಟು ನೆಟ್ಟಗಿತ್ತು. ನಾನು ನೋಡುತ್ತಿದ್ದದ್ದು ಅದನ್ನೇ. ಯಾಕೆಂದರೆ ನನ್ನದು ಯಾವತ್ತೂ ಹಾಗಿರಲಿಲ್ಲ.

ನನ್ನ ಕೈ ನಿನಗೆ ಹೊಸದಲ್ಲ. ಲೋಟ ಹಿಡಿದರೆ ನೀರು ತುಳುಕುತ್ತದೆ, ಬೆಂಕಿಕಡ್ಡಿ ಬತ್ತಿಗೆ ತಾಗುವ ಮೊದಲು ಆಚೀಚೆ ಅಲೆದಾಡುತ್ತದೆ. ದೇವಸ್ಥಾನದಲ್ಲಿ ಕೆಲವರು ಭಕ್ತಿಗೆ ಮೈ ನಡುಗುತ್ತದೆ ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನನ್ನ ಅಮ್ಮನಿಗೂ ಹೀಗೇ ಇತ್ತು. ಅವಳಿಗೆ ಗಂಡನೆಂದರೆ ಹೆದರಿಕೆ, ಅದಕ್ಕೇ ಬಡಿಸುವಾಗ ಚೆಲ್ಲುತ್ತಾಳೆ ಅನ್ನುತ್ತಿದ್ದರು. ನನ್ನಪ್ಪ ತೀರಿಹೋದಮೇಲೂ ಚೆಲ್ಲುತ್ತಲೇ ಇದ್ದಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಂಗಡಿಯ ಕಾಜಾ ಕೆಲಸವೆಲ್ಲ ನನ್ನದೇ. ಆಮೇಲೆ ಗುಂಡಿಯ ತೂತು ಸೊಟ್ಟಗಾಗತೊಡಗಿತು, ಗಿರಾಕಿಗಳು ಗೊಣಗಿದರು, ಕಾಜಾ ಪಕ್ಕದ ಬೀದಿಯ ಹೆಂಗಸಿನ ಕೈಗೆ ಹೋಯಿತು. ವಯಸ್ಸಾಗುತ್ತಾ ಬಂದರೆ ಆಗುವಂಥದ್ದು ಅಂದುಕೊಂಡೆ. ಇದಕ್ಕೊಂದು ಹೆಸರಿದೆ, ಇದು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇಳಿಯುತ್ತದೆ ಎಂದು ಮೊನ್ನೆ ನೀನು ಹೇಳುವವರೆಗೆ ನನಗೆ ಯಾರು ಹೇಳಬೇಕಿತ್ತು?

ಕಳೆದ ರಜೆಯ ಆ ಮಧ್ಯಾಹ್ನ ನಿನಗೂ ಮರೆತಿರಲಿಕ್ಕಿಲ್ಲ. ದಿಂಬಿನ ಚೀಲ ಹರಿದಿತ್ತು. ಎಂದಿನಂತೆ ಸೂಜಿ, ದಾರ ಎರಡನ್ನೂ ನಿನ್ನ ಕಡೆ ಚಾಚಿದೆ. ಪೋಣಿಸಿಕೊಡುವುದು ಸಣ್ಣವಳಿದ್ದಾಗಿನಿಂದ ನಿನ್ನ ಕೆಲಸ. ಮಾತಾಡುತ್ತಾ ಮಾತಾಡುತ್ತಾ, ನೋಡದೆಯೇ ಪೋಣಿಸಿಬಿಡುತ್ತಿದ್ದೆ. ಅವತ್ತು ನೀನು ಮಾತು ನಿಲ್ಲಿಸಿದೆ. ದಾರದ ತುದಿ ನಾಲಿಗೆಗೆ ಒತ್ತಿದೆ. ಕಿಟಕಿಯ ಹತ್ತಿರ ಹೋದೆ. ದಾರ ಸೂಜಿಯ ಕಣ್ಣಿನ ಈ ಕಡೆ ಬಡಿಯುತ್ತಿತ್ತು, ಆ ಕಡೆ ಬಡಿಯುತ್ತಿತ್ತು, ಒಳಗೆ ಮಾತ್ರ ಹೋಗಲಿಲ್ಲ. "ಈ ದಾರ ಸರಿಯಿಲ್ಲ" ಎಂದು ಸೂಜಿಯನ್ನು ದಿಂಬಿಗೇ ಚುಚ್ಚಿ ಎದ್ದು ಹೊರಗೆ ಹೋದೆ. ಅಪ್ಪ ಒಳಗಿನಿಂದ, "ನನ್ನ ಅಂಗಡಿ ದಾರಕ್ಕೆ ಏನೇ ಬಂದಿದೆ ರೋಗ?" ಎಂದು ಕೂಗಿದರು. ನಾನು ಸೂಜಿಯನ್ನು ದಿಂಬಿನಿಂದ ಕಿತ್ತು ಡಬ್ಬಿಗೆ ಹಾಕಿದೆ. ಆ ನಡುಕ ನನಗೆ ಗುರುತು ಸಿಕ್ಕಿತು ಮಗಳೇ. ಜಾತ್ರೆಯಷ್ಟು ಜನರ ನಡುವೆ ಇದ್ದರೂ ಸಿಕ್ಕುತ್ತಿತ್ತು.

ಹಾಗಿದ್ದೂ ನಾನು ಏನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ನಿದ್ದೆಗೆಟ್ಟು ಓದಿದ್ದಕ್ಕೆ ಇರಬಹುದು, ದೇವರೇ ಇದೊಂದು ಸುಳ್ಳಾಗಲಿ ಎಂದು ಬೇಡಿಕೊಂಡೆ. ಎಣ್ಣೆ ಕಾಯಿಸಿ ನಿನ್ನ ಕೈಗೆ ತಿಕ್ಕಲು ಬಂದಾಗ, "ಇದೇನಮ್ಮ ಹೊಸ ಉಪಚಾರ?" ಎಂದು ನಕ್ಕೆ, ಆದರೆ ಕೈ ಕೊಟ್ಟೆ. ಬೇಡ ಅನ್ನಲಿಲ್ಲವಲ್ಲ, ಅದರಿಂದಲೇ ನನಗೆ ಇನ್ನಷ್ಟು ಭಯವಾಯಿತು.

ಮೊನ್ನೆ ನೀನು ಹೇಳಿದ್ದೆಲ್ಲ ಕಿವಿಯಲ್ಲಿ ಹಾಗೇ ಕೂತಿದೆ. ಬೀಕರ್ ಕೈಜಾರಿದ್ದು, ಒಳಗಿದ್ದ ಆಸಿಡ್ಡು ಪಕ್ಕದಲ್ಲಿದ್ದ ಉದ್ದ ಜಡೆಯ ಹುಡುಗಿಯ ಮಣಿಕಟ್ಟಿಗೆ ಸಿಡಿದದ್ದು, ಅವಳು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ "ಏನೂ ಆಗಿಲ್ಲ ಕಣೆ, ನೀನು ಅಳ್ಬೇಡ" ಎಂದು ನಿನ್ನನ್ನೇ ಸಮಾಧಾನ ಮಾಡಿದ್ದು. ಆ ಮಗುವಿನ ಹೊಟ್ಟೆ ತಣ್ಣಗಿರಲಿ. ಗಾಯ ಒಣಗಿತು ಅಂದೆ, ಕಲೆ ಉಳಿದಿದೆಯೋ ಇಲ್ಲವೋ ಹೇಳಲಿಲ್ಲ. ಮೇಷ್ಟ್ರು ಎಲ್ಲರೆದುರಿಗೆ, "ಇಲ್ಲಿಗೆ ಕೆಮಿಸ್ಟ್ರಿ ಮಾಡೋಕೆ ಬಂದಿದ್ದೀಯಾ, ಡ್ಯಾನ್ಸ್ ಮಾಡೋಕೆ ಬಂದಿದ್ದೀಯಾ?" ಎಂದು ಕೇಳಿದರಂತೆ. ನೀನು ತಲೆ ತಗ್ಗಿಸಿ, "ಸಾರಿ ಸರ್, ಗಮನ ಇರಲಿಲ್ಲ" ಅಂದೆಯಂತೆ. ನಿನಗೆ ಗಮನ ಇರಲಿಲ್ಲವೇ? ಅನ್ನ ಬೇಯುವುದನ್ನು ಕೂಡ ಕಣ್ಣು ಮಿಟುಕಿಸದೆ ನೋಡುವವಳಿಗೆ? ಸುಳ್ಳು ಹೇಳಿ ಬೈಗುಳ ತಿಂದೆಯಲ್ಲ.

ಕೊನೆಯ ಎರಡು ವರ್ಷ ಪೂರ್ತಿ ಲ್ಯಾಬೇ, ಗಾಳಿ ತಾಗಿದರೆ ಸಾಕು ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಲ್ಲಿ ಎಳೆದು ಇನ್ನೊಂದರೊಳಗೆ ಬಿಡಬೇಕು ಅಂದೆ. ಅದನ್ನು ಕೇಳಿದ ಮೇಲೆ ನಾನು ಯಾವ ಬಾಯಲ್ಲಿ "ಮುಂದುವರಿಸು" ಅನ್ನಲಿ? ಕಂಪ್ಯೂಟರಿನಲ್ಲೇ ಮಾಡುವ ಕೆಮಿಸ್ಟ್ರಿಯೂ ಇದೆ ಅಂತಲೂ ನೀನು ಅಂದೆ. ಸರಿ, ಅದನ್ನೇ ಮಾಡು ಅಂತ ಬಾಯಿ ತೆರೆಯುವಷ್ಟರಲ್ಲಿ ನೀನೇ, "ಅದು ಬೇಡಮ್ಮ, ನನಗೆ ಬಣ್ಣ ಬರೋದನ್ನ ಕಣ್ಣಾರೆ ನೋಡ್ಬೇಕು" ಎಂದು ಬಿಕ್ಕಿದೆ. ಅದನ್ನು ಕೇಳಿದ ಮೇಲೆ "ಬಿಟ್ಟು ಬಾ" ಅಂತಲಾದರೂ ಹೇಗೆ ಅನ್ನಲಿ?

ನಿನ್ನೆ ಅಪ್ಪನಿಗೆ ಹೇಳಿದೆ. ಹೇಳಬೇಡ ಅಂದಿದ್ದೆ ನೀನು, ಗೊತ್ತು. ಒಬ್ಬಳಿಗೇ ತಡೆದುಕೊಳ್ಳಲಾಗಲಿಲ್ಲ. ಮೊದಲು ಕಾಲೇಜಿನವರನ್ನು ಬೈದರು. "ಹಗಲೂ ರಾತ್ರಿ ದುಡಿಸ್ಕೊಂಡ್ರೆ ಕೈ ನಡುಗದೆ ಇನ್ನೇನಾಗುತ್ತೆ?" ಅಂದರು. ಹಾಗಲ್ಲ ಎಂದು ಬಿಡಿಸಿ ಹೇಳಿದೆ. ನನ್ನ ಕೈಯನ್ನೇ ನೋಡುತ್ತಾ, "ಅಂದ್ರೆ ನಿನ್ನಿಂದ ಬಂತಾ?" ಎಂದರು. ಚುಚ್ಚಬೇಕೆಂದು ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು ಅಷ್ಟೇ. ನಾನು ಹೌದು ಅಂದೆ. ಅವರು ಎದ್ದು ಹೋಗಿ ಮಷಿನ್ ಮುಂದೆ ಕೂತು ಒಂದು ಅಂಗಿಯ ತೋಳನ್ನು ಈ ತುದಿಯಿಂದ ಆ ತುದಿಯವರೆಗೆ ಹೊಲಿದರು. ಎತ್ತಿ ನೋಡಿದರೆ ತೋಳು ಕಳಚಿ ಕೈಗೆ ಬಂತು. ಕೆಳಗೆ, ನಿನಗೆ ಮುದ್ದಿನ ಹೆಸರಾದ ಆ ಬಾಬಿನ್ನಿನಲ್ಲಿ, ದಾರವೇ ಮುಗಿದಿತ್ತು, ಅವರಿಗೆ ಗೊತ್ತಾಗಿರಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ನಾನು ಹಾಗನ್ನಬಾರದಿತ್ತು ಕಣೆ" ಅಂದರು. ಅಂದರೂ ಅನ್ನದಿದ್ದರೂ ಆದದ್ದು ಬದಲಾಗುತ್ತದೆಯೇ ಎಂದುಕೊಂಡು ಕಳಚಿದ ತೋಳನ್ನು ಮಡಚಿಟ್ಟೆ. ಅವರ ಅಭಿಪ್ರಾಯ ಏನು ಎಂದು ಕೇಳಿದೆ. "ನನಗೆ ಪ್ಯಾಂಟಿನ ವಿಷಯ ಗೊತ್ತು, ಇದು ಗೊತ್ತಿಲ್ಲ" ಅಂದರು. ನಗಿಸಲು ಹೇಳಿದರೋ, ನಿಜವಾಗಿ ಹೇಳಿದರೋ, ಇಬ್ಬರೂ ನಗಲಿಲ್ಲ.

ಇವತ್ತು ದೇವರ ಮುಂದೆ ತುಂಬಾ ಹೊತ್ತು ಕೂತಿದ್ದೆ. ನಡುಕ ನಿಲ್ಲಿಸು ಎಂದು ಬೇಡಲು ಹೋದೆ. ನನ್ನದನ್ನೇ ಇಷ್ಟು ವರ್ಷ ನಿಲ್ಲಿಸದವನು ನಿನ್ನದನ್ನು ನಿಲ್ಲಿಸುತ್ತಾನೆಯೇ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡೆ. ಅವಳಿಗೆ ಮುಂದುವರಿಯುವ ಧೈರ್ಯ ಕೊಡು ಅನ್ನಲೇ? ಆ ಹೊತ್ತಿಕೊಳ್ಳುವ ದ್ರವ ಕಣ್ಣಮುಂದೆ ಬಂತು. ಬಿಟ್ಟು ಬರುವ ಮನಸ್ಸು ಕೊಡು ಅನ್ನಲೇ? ಅಡುಗೆಮನೆಯ ನಡುವೆ ನಿಂತಿದ್ದ ನೀನು ಬಂದೆ. ಏನು ಕೇಳಬೇಕು ಎಂದೇ ಹೊಳೆಯದೆ ನಿನ್ನ ಹೆಸರು ಮಾತ್ರ ಹೇಳಿ ಎದ್ದುಬಂದೆ.

ಹಾಗಾಗಿ ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಬಾಬಿನ್. ಬಾ ಅಂದರೆ ಅದು ನನ್ನ ಹೆದರಿಕೆ ಆಡಿದ ಮಾತಾಗುತ್ತದೆ. ಅಲ್ಲೇ ಇರು ಅಂದರೆ, ನಾಳೆ ಏನಾದರೂ ಆದರೆ, ನಾನು ಉಳಿಯುವುದಿಲ್ಲ. ಅಮ್ಮ ಹೇಳಿದ ಹಾಗೆ ಮಾಡ್ತೀನಿ ಅಂದೆಯಲ್ಲ, ಹೇಳಲು ಅಮ್ಮನಿಗೆ ಬರುತ್ತಿಲ್ಲ. ನನ್ನ ಮೇಲೆ ಬೇಜಾರು ಮಾಡಿಕೋ, ಪರವಾಗಿಲ್ಲ.

ಆದರೆ ಒಂದು ಮಾತು ನನ್ನನ್ನು ತುಂಬಾ ಕೊರೆಯುತ್ತಿದೆ. ಅಲ್ಲಿ ನೀನು ಕೈ ತೋರಿಸಿಕೊಂಡ ಡಾಕ್ಟರು, "ಮನೆಯಲ್ಲಿ ಯಾರಿಗಾದ್ರೂ ಹೀಗೆ ಕೈ ನಡುಗುತ್ತಾ? ತಂದೆಗೆ, ತಾಯಿಗೆ?" ಎಂದು ಕೇಳಿದಾಗ ನೀನು ಇಲ್ಲ ಅಂದೆಯಂತೆ. ನಾನು ಯಾಕೆ ಎನ್ನುವ ಮೊದಲೇ, "ನಿನ್ನ ಹೆಸರು ಯಾಕೆ ಎಳೀಲಿ ಅಂತ" ಅಂದೆ. ನೀನು ಇಲ್ಲ ಅಂದದ್ದಕ್ಕೆ ಅವರು ಪರೀಕ್ಷೆಯ ಭಯ ಇರಬೇಕು ಎಂದು ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸಿದರು. ನೋಡು, ನನ್ನನ್ನು ಕಾಪಾಡಲು ಹೋಗಿ ನಿನಗೆ ಸಿಗಬಹುದಾದ ಮದ್ದನ್ನೂ ಬಿಟ್ಟುಕೊಟ್ಟೆ. ನನಗೆ ಏನಾಗುತ್ತದೆ ಮಗಳೇ? ಯಾರು ಬಂದು ನನ್ನನ್ನು ಕೇಳುತ್ತಾರೆ? ನನ್ನ ಕೈ ಇಡೀ ಬೀದಿಗೆ ಗೊತ್ತು.

ಮತ್ತೆ ಹೋಗು. ಅಮ್ಮನಿಗೂ ಇದೆ ಅಂತ ಹೇಳು. ಅಜ್ಜಿಗೂ ಇತ್ತು ಅಂತ ಹೇಳು. ಆ ಮೇಷ್ಟ್ರ ಹತ್ತಿರವೂ ಹೋಗಿ, ಗಮನ ಇಲ್ಲದ್ದಲ್ಲ ಸರ್, ಕೈ ಹೀಗೆ, ತಾಯಿಯಿಂದ ಬಂದದ್ದು ಅಂತ ಹೇಳು. ಅವರಿಗೆ ಗೊತ್ತಾದರೆ ಏನಾದರೂ ದಾರಿ ತೋರಿಸಬಹುದು, ತೋರಿಸದೆಯೂ ಇರಬಹುದು. ಮಾತ್ರೆಯಿಂದ ಕಡಿಮೆಯಾದರೂ ಆಗಬಹುದು, ಆಗದೆಯೂ ಇರಬಹುದು. ಅದು ಯಾವುದೂ ನನಗೆ ಗೊತ್ತಿಲ್ಲ. ಆಮೇಲೆ ಬಿಡುತ್ತೀಯೋ ಇರುತ್ತೀಯೋ ನಿನಗೆ ಬಿಟ್ಟದ್ದು. ಬಿಟ್ಟು ಬಂದರೆ ಬಾಗಿಲು ತೆಗೆಯುತ್ತೇನೆ, ಇದ್ದರೆ ಇಲ್ಲೇ ಕೂತು ಹೆದರುತ್ತೇನೆ. ನನ್ನಿಂದ ಆಗುವುದು ಇಷ್ಟೇ.

ಅಕ್ಷರ ಓದಲು ಕಷ್ಟವಾಗಿದ್ದರೆ ಎರಡು ಸಲ ಓದು. ಎಡಗೈಯಿಂದ ಬಲಗೈ ಒತ್ತಿ ಹಿಡಿದು ಬರೆದಿದ್ದೇನೆ.

ನಿನ್ನ ಸೋದರಮಾವ ಲಾರಿಗೆ ಲೋಡು ಹಾಕಿಸಿಕೊಂಡು ಆ ಕಡೆಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಲೋಡು ಇಳಿಸಿ ವಾಪಸು ಬರುವಾಗ ನಿನ್ನ ಹಾಸ್ಟೆಲಿನ ಗೇಟಿನ ಹತ್ತಿರ ಮತ್ತೆ ನಿಲ್ಲಿಸುತ್ತಾನೆ. ಮರೆತು ಮುಂದೆ ಹೋಗುವ ಆಸಾಮಿ, ನೀನೇ ಹೊರಗೆ ಬಂದು ನಿಂತಿರು. ನಿನ್ನ ಉತ್ತರ ಅವನ ಕೈಗೆ ಕೊಡು. ಬರೆಯಲು ಕೈ ಬಾರದಿದ್ದರೆ, ಅಥವಾ ಮನಸ್ಸೇ ಬಾರದಿದ್ದರೆ, ಬರೀ ಒಂದು ಖಾಲಿ ಹಾಳೆ ಮಡಚಿಕೊಡು. ಅದನ್ನೇ ತಂದುಕೊಡಲಿ, ನೀನು ಇದನ್ನು ಓದಿದೆ ಎಂದು ತಿಳಿದುಕೊಳ್ಳುತ್ತೇನೆ.

ದೇವರು ನಿನ್ನ ಬೆನ್ನಿಗಿರಲಿ, ನಿನ್ನ ಪಕ್ಕ ನಿಲ್ಲುವವರಿಗೂ ಕಾವಲಿರಲಿ.

ಇಂತಿ,
ಏನು ಹೇಳಬೇಕೆಂದು ತಿಳಿಯದ,
ನಿನ್ನ ಅಮ್ಮ