ಮೂರನೆಯ ಸೀಬೆಹಣ್ಣು

ಶಿಡ್ಲಘಟ್ಟ
೧೯-೮-೧೯೬೧

ಪ್ರೀತಿಯ ಮಗಳು ಶ್ಯಾಮಲಾಳಿಗೆ,

ಕೆಮ್ಮು ಹೇಗಿದೆಯಮ್ಮ? ಚಿಂತಾಮಣಿಯ ಗಾಳಿಯ ಮೇಲೆ ತಪ್ಪು ಹೊರಿಸಬೇಡ, ತಲೆಗೆ ತಣ್ಣೀರು ಹುಯ್ದುಕೊಳ್ಳುವುದು ನಿನ್ನ ಹಳೇ ಚಾಳಿ. ಮಗುವಿಗೆ ಹಲ್ಲು ಬಂತೇ? ನಾನು ಗಟ್ಟಿಯಾಗಿದ್ದೇನೆ. ಪೆನ್ಷನ್ ಆದರೂ ಬೀದಿಯವರು ಇನ್ನೂ ಡ್ರಾಯಿಂಗ್ ಮೇಷ್ಟ್ರು ಎಂದೇ ಕರೆಯುತ್ತಾರೆ. ರೇಷ್ಮೆಗೂಡು ಬೇಯಿಸುವ ವಾಸನೆಯೂ ಹಾಗೇ ಇದೆ.

ಅಮ್ಮನ ವರ್ಷದ ತಿಥಿಗೆ ಗೋಡೆಗೆ ಹಾಕಲು ಅವಳ ಪಟ ಕೇಳಿದ್ದೀಯೆ. ಎರಡು ಟ್ರಂಕೂ ಬುಡಮೇಲು ಮಾಡಿದೆ, ಒಂದೂ ಇಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ಸ್ಟುಡಿಯೋ ಬಾಗಿಲಿಂದಲೇ ವಾಪಸಾದವಳು ಅವಳು. ಆದರೆ ಒಮ್ಮೆ ನನ್ನ ಹತ್ತಿರ ಬಂದು, “ನೀವು ಬರೆದ್ರೆ ಆಯುಸ್ಸಿಗೇನೂ ಆಗಲ್ಲ ಕಣ್ರೀ, ನನ್ನನ್ನೂ ಒಂದ್ಸಲ ಬರೀರಿ” ಅಂದಿದ್ದಳು. “ನೀನು ಒಂದು ಕಡೆ ಕೂರುವವಳಲ್ಲ, ನಿನಗಿಂತ ಹಣ್ಣುಗಳೇ ವಾಸಿ” ಎಂದುಬಿಟ್ಟೆ. ಕೊನೆಗೆ ಅವಳು ಅಲ್ಲಾಡದೆ ಮಲಗಿದ ದಿನ ನನಗೆ ಪೆನ್ಸಿಲ್ ಹಿಡಿಯಲಾಗಲಿಲ್ಲ. ಆ ಸಂಕಟ ಹೇಳಿ ತೀರುವುದಲ್ಲ ಮಗಳೇ.

ಸೀತಾಫಲ, ಬದನೆ, ಅವರೆಕಾಯಿ, ಮೂವತ್ತು ವರ್ಷ ಇವನ್ನೇ ಮುಂದಿಟ್ಟುಕೊಂಡು ಬರೆದೆ. “ನೀವು ಬರೀತಾ ಕೂತ್ರೆ ಅದೇನು ಕೊಳೆಯೋದು ಬಿಡುತ್ತಾ?” ಎಂದು ರೇಗುತ್ತಿದ್ದಳು. ಹಾಳೆಯ ಮೇಲಾದರೂ ಉಳಿಯುತ್ತದಲ್ಲ ಎನ್ನುವುದು ನನ್ನ ಜಂಬ. ಈಗ ನೋಡಿದರೆ ಅರ್ಧಕ್ಕರ್ಧ ಗೆದ್ದಲು ತಿಂದಿದೆ. ಅದಕ್ಕೇನು ಗೊತ್ತು, ಬರೆದ ಹಣ್ಣೂ ಹಣ್ಣೇ.

ಉಳಿದದ್ದರಲ್ಲಿ ಒಂದನ್ನು ಪಟದ ಬದಲಿಗೆ ಕಳಿಸುತ್ತಿದ್ದೇನೆ. ತಟ್ಟೆಯಲ್ಲಿ ಮೂರು ಸೀಬೆಹಣ್ಣು. ಎರಡಕ್ಕೆ ಬಣ್ಣ ಹಾಕಿ ಸ್ಕೂಲಿಗೆ ಹೋಗಿಬರುವಷ್ಟರಲ್ಲಿ ಮೂರನೆಯದು ಮಾಯ. ಹಸಿದು ಬಂದ ನಿನ್ನ ಕೈಗೆ ಅಮ್ಮ ಅದನ್ನು ಕೊಟ್ಟಿದ್ದಳು. ಆಗ ನಿನಗೆ ಏಳು ವರ್ಷ. ಎರಡು ದಿನ ನಾನು ಅವಳೊಡನೆ ಮಾತು ಬಿಟ್ಟೆ. ಪಾಪ, ಬೇರೆ ಹಣ್ಣು ಹುಡುಕಿ ತಂದಿಟ್ಟಳು. ಹಠಕ್ಕೆ ಬಿದ್ದು ನಾನು ಕುಂಚ ಮುಟ್ಟಲಿಲ್ಲ. ಮೂರನೆಯದು ಬರೀ ಪೆನ್ಸಿಲ್ ಗೆರೆಯಾಗಿಯೇ ಉಳಿಯಿತು.

ಅಳಿಯಂದಿರಿಗೂ ನಿನಗೂ ಆಶೀರ್ವಾದ, ಮಗುವಿಗೆ ತಾತನ ಮುತ್ತು.

ನಿನ್ನ ಅಪ್ಪ,
ಲಕ್ಷ್ಮಯ್ಯ

ಒಂದು ಮಾತು ಮರೆತಿದ್ದೆ. ಬಸ್ಸಿಗೆ ಹೊತ್ತಾಯಿತೆಂದು, ಇದನ್ನು ತರುವ ಚೆನ್ನರಾಯಪ್ಪ ಬಾಗಿಲಲ್ಲೇ ನಿಂತಿದ್ದಾನೆ. ಚೆನ್ನಾಗಿ ಕಾಣಲಿ ಅಂತ ಯಾರೂ ಆ ಖಾಲಿ ಹಣ್ಣಿಗೆ ಬಣ್ಣ ತುಂಬದ ಹಾಗೆ ನೋಡಿಕೋ. ಹಾರ ಹಾಕುವಾಗಲೂ ಅದು ಮುಚ್ಚದಿರಲಿ. ನಾನು ಬರೆದ ಇಷ್ಟೂ ಚಿತ್ರಗಳಲ್ಲಿ ನಿಮ್ಮಮ್ಮ ಇರುವುದು ಅದೊಂದೇ ಕಡೆ.